ಮೇಷ್ಟ್ರು ಸ್ವಂತ ಕೈಯಲ್ಲಿ ಬರೆದ ಪತ್ರ

ಸಾಹಿತ್ಯ ವಿಭಾಗದ ಟೈಪಿಸ್ಟು, ಎಲ್ಲರ ಬಾಯಲ್ಲಿ ಟೈಪಕ್ಕ, ಹನ್ನೊಂದು ವರ್ಷದಲ್ಲಿ ನಲವತ್ತಮೂರು ಶಿಫಾರಸು ಪತ್ರಗಳನ್ನು ಬರೆದಿದ್ದಳು. ಬರೆದಿದ್ದಳು ಎಂದರೆ ಟೈಪು ಹೊಡೆದಿದ್ದಳು ಎಂದಷ್ಟೇ ಅಲ್ಲ. ಮೊದಲ ಅಕ್ಷರದಿಂದ ಕೊನೆಯ ಪೂರ್ಣವಿರಾಮದವರೆಗೆ ಅವಳೇ ಯೋಚಿಸಿ, ಅವಳೇ ತಿದ್ದಿ, ಕೆಳಗೆ ಮೇಷ್ಟ್ರ ಸಹಿಗೆ ನಾಲ್ಕು ಬೆರಳು ಜಾಗ ಬಿಡುತ್ತಿದ್ದಳು. ಮೇಷ್ಟ್ರು ಆ ವಿಭಾಗದ ಹಿರಿಯ ಪ್ರೊಫೆಸರು. ಕೈ ನಡುಗಲು ಶುರುವಾದ ವರ್ಷ ಒಂದು ಪತ್ರವನ್ನು ಅವಳ ಕೈಯಲ್ಲಿ ಬರೆಸಿದರು. ಒಂದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಆಮೇಲೆ ಓದುವುದನ್ನೂ ಬಿಟ್ಟರು. ಸಹಿ ಹಾಕುವಾಗ ಯಾವುದಾದರೂ ಹಳೆಯ ಕತೆ ಹೇಳುತ್ತ ಕಿಟಕಿಯಾಚೆ ನೋಡುತ್ತಿದ್ದರು. ಅವರ ಇಮೇಲಿನ ಪಾಸ್‌ವರ್ಡು ಅವರಿಗೇ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು.

ಡಾಕ್ಟರೇಟಿಗೆ ಅರ್ಜಿ ಹಾಕುವವರ ಅಂಕಪಟ್ಟಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಆಯ್ಕೆ ಸಮಿತಿಯವರು ನೋಡುವುದು ಪತ್ರವನ್ನು. ಈ ಪತ್ರಗಳಿಗೂ ಅವುಗಳದೇ ಒಂದು ಭಾಷೆಯಿದೆ, ಹೊರಗಿನವರಿಗೆ ತಿಳಿಯುವುದಿಲ್ಲ. 'ಶ್ರಮಜೀವಿ' ಅಂದರೆ ತಲೆ ಅಷ್ಟಕ್ಕಷ್ಟೆ. 'ಸಮಯಪಾಲನೆಯಲ್ಲಿ ಎತ್ತಿದ ಕೈ' ಅಂದರೆ ಹೇಳಲು ಬೇರೇನೂ ಸಿಗಲಿಲ್ಲ. 'ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಸ್ವಭಾವ' ಅಂದರಂತೂ ಆ ಅರ್ಜಿಗೆ ಎಳ್ಳುನೀರು ಬಿಟ್ಟಂತೆಯೇ. ಟೈಪಕ್ಕ ಈ ಮೂರನ್ನೂ ಯಾವತ್ತೂ ಮುಟ್ಟಿದವಳಲ್ಲ. ವಿದ್ಯಾರ್ಥಿಯನ್ನು ತನ್ನ ಮೇಜಿನ ಎದುರು ಕೂರಿಸಿ, ನಿನಗೆ ಯಾವ ಪುಸ್ತಕ ಕಂಡರೆ ಆಗುವುದಿಲ್ಲ ಎಂದು ಕೇಳುತ್ತಿದ್ದಳು. ಇಷ್ಟವಾದ ಪುಸ್ತಕದ ಬಗ್ಗೆ ಎಲ್ಲರೂ ಸುಳ್ಳು ಹೇಳುತ್ತಾರೆ, ಆಗದ ಪುಸ್ತಕದ ಬಗ್ಗೆ ಮಾತಾಡುವಾಗ ನಿಜ ಹೊರಗೆ ಬೀಳುತ್ತದೆ. ಆ ನಿಜದ ಮಾತನ್ನು ಹಿಡಿದು ಪತ್ರ ಕಟ್ಟುತ್ತಿದ್ದಳು. ನಲವತ್ತಮೂರರಲ್ಲಿ ಮೂವತ್ತೇಳು ಜನಕ್ಕೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತ್ತು. ಅವರಲ್ಲಿ ಕೆಲವರು ಈಗ ಪ್ರೊಫೆಸರುಗಳಾಗಿ, ವಿಭಾಗಕ್ಕೆ ಬಂದಾಗ ಅವಳನ್ನೇ ಕುಡಿಯಲು ನೀರು ಕೇಳುತ್ತಿದ್ದರು.

ಅಂಥವಳು ಈ ವರ್ಷ ತಾನೇ ಅರ್ಜಿ ಹಾಕಲು ಹೊರಟಳು. ಹಾಕದೆ ವಿಧಿಯಿರಲಿಲ್ಲ. ಅವಳು ಕಣ್ಣಿಟ್ಟಿದ್ದ ವಿಶ್ವವಿದ್ಯಾಲಯದಲ್ಲಿ ನಲವತ್ತು ದಾಟಿದವರ ಅರ್ಜಿಯನ್ನು ಮುಟ್ಟುವುದಿಲ್ಲ, ಬರುವ ವರ್ಷಕ್ಕೆ ಅವಳಿಗೆ ನಲವತ್ತೊಂದು. ಸಂಜೆ ಕಾಲೇಜಿನಲ್ಲಿ ಇದೇ ಮೇಷ್ಟ್ರ ಕೈಕೆಳಗೆ ಎಂ.ಎ. ಮಾಡಿದ್ದಳು. ಹಳೆಯ ಕಾದಂಬರಿಗಳಲ್ಲಿ ಬಾಗಿಲು ತೆರೆಯುವವರು, ದೀಪ ತರುವವರು, ಒಂದು ಮಾತು ಆಡಿ ಮರೆಯಾಗುವವರು, ಇವರ ಮೇಲೆ ಪ್ರಬಂಧ ಬರೆದು ತರಗತಿಗೇ ಮೊದಲಿಗಳಾಗಿದ್ದಳು. ಅಷ್ಟರಲ್ಲಿ ಅಪ್ಪ ತೀರಿಕೊಂಡರು, ಟೈಪಿಂಗ್ ಕೆಲಸ ಸಿಕ್ಕಿತು, ಒಂದೆರಡು ವರ್ಷ ನೋಡೋಣ ಎಂದುಕೊಂಡಳು. ಒಂದೆರಡು ವರ್ಷ ನೋಡೋಣ ಎಂದವರ ಗತಿ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಹೋಗೋದಾದ್ರೆ ಹೋಗು ಕಣೇ, ನನ್ನ ಚಿಂತೆ ಬಿಡು," ಎಂದಳು ಅವಳ ಅಮ್ಮ. "ನಾನು ನಿಮ್ಮಕ್ಕನ ಮನೇಲಿ ಇರ್ತೀನಿ. ಅವಳ ಗಂಡನ ಗೊರಕೆ ಸಹಿಸ್ಕೊಂಡ್ರೆ ಆಯ್ತು." ಇಷ್ಟು ಹೇಳಿ ಸುಮ್ಮನಿರದೆ ಅಡುಗೆಮನೆಯ ಪಾತ್ರೆಗಳನ್ನು ಎರಡು ಭಾಗ ಮಾಡತೊಡಗಿದಳು, ಮಗಳಿಗೆ ಹಾಸ್ಟೆಲಿಗೆ ಒಂದು, ತನಗೆ ಒಂದು. ಅರ್ಜಿಯ ನಮೂನೆಯೇ ಇನ್ನೂ ಬಂದಿರಲಿಲ್ಲ.

ಟೈಪಕ್ಕ ಮೇಷ್ಟ್ರ ಕೋಣೆಗೆ ಹೋಗಿ ವಿಷಯ ಹೇಳಿದಳು. "ನೀನೇ ಬರ್ಕೋ, ಸಹಿ ಹಾಕ್ತೀನಿ" ಅನ್ನುತ್ತಾರೆ ಎಂದೇ ಅವಳ ಲೆಕ್ಕ. ತನ್ನ ಪತ್ರದ ಮೊದಲ ವಾಕ್ಯ ಅವಳ ತಲೆಯಲ್ಲಿ ಎಷ್ಟೋ ವರ್ಷದಿಂದ ಸಿದ್ಧವಾಗಿತ್ತು. ಆದರೆ ಮೇಷ್ಟ್ರ ಕಣ್ಣು ತುಂಬಿ ಬಂತು.

"ನಿನ್ನ ಪತ್ರಾನೂ ನಿನ್ನ ಕೈಲೇ ಬರೆಸಿದ್ರೆ ನಾನು ಮನುಷ್ಯನಾ? ಇದನ್ನ ನಾನೇ ಬರೀತೀನಿ ಕಣಮ್ಮ. ನನ್ನ ಕೈಯಾರೆ."

"ಬೇಡ ಸರ್, ನಿಮಗೆ ಕೈ ನೋವು..."

"ನೀನು ಸುಮ್ನಿರು."

ಪ್ರೀತಿಯಿಂದ ಕೊಡುತ್ತಿರುವುದನ್ನು ಹೇಗೆ ಮತ್ತೆ ಮತ್ತೆ ಬೇಡ ಅನ್ನುವುದು?

ಅದೇ ವಾರ, ಕೊನೆಯ ವರ್ಷದಲ್ಲಿ ಓದುತ್ತಿದ್ದ, ಕನ್ನಡಕ ಹಾಕಿದ ಹುಡುಗಿಯೊಬ್ಬಳು ಅವಳ ಮೇಜಿನ ಮುಂದೆ ಬಂದು ನಿಂತಳು. ಅದೇ ವಿಶ್ವವಿದ್ಯಾಲಯ, ಬೇರೆ ಕಡೆಯಿಂದ ಬರುವವರಿಗೆಂದು ಅಲ್ಲಿದ್ದ ಅದೇ ಒಂದು ಸೀಟು.

"ಮೇಷ್ಟ್ರು ನಿಮ್ಮ ಹತ್ರ ಹೋಗು ಅಂದ್ರು ಅಕ್ಕಾ. ಆದ್ರೆ ನೀವೂ ಅದಕ್ಕೇ ಹಾಕ್ತಿದೀರಂತೆ. ನಿಮಗೆ ಮುಜುಗರ ಆಗೋದಾದ್ರೆ ನಾನು ಬೇರೆ ಯಾರನ್ನಾದ್ರೂ..."

ಟೈಪಕ್ಕನಿಗೆ ಹೊಟ್ಟೆಕಿಚ್ಚಾಯಿತು. ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! "ಕೂತ್ಕೋ," ಎಂದಳು. "ಯಾವ ಪುಸ್ತಕ ಕಂಡ್ರೆ ಆಗಲ್ಲ ಹೇಳು."

ಹುಡುಗಿ ಒಂದು ಕಾದಂಬರಿಯ ಬಗ್ಗೆ ಹೇಳಿದಳು. ಅದರಲ್ಲಿ ಗಂಡನನ್ನು ಬಿಟ್ಟುಬಂದ ಹೆಂಗಸು ಕೊನೆಗೆ ಕಾರಣವೇ ಇಲ್ಲದೆ ಸಾಯುತ್ತಾಳೆ. "ಓದಿ ಸಿಟ್ಟು ಬಂದು ಗೋಡೆಗೆ ಎಸೆದೆ ಅಕ್ಕಾ. ಆಮೇಲೆ ಎತ್ಕೊಂಡು ಕೊನೇ ಅಧ್ಯಾಯ ನಾಲ್ಕು ಸಲ ಓದಿದೆ. ಬರೆದವರಿಗೆ ಎಲ್ಲಿ ಹೆದರಿಕೆ ಆಯ್ತು ಅಂತ ಹುಡುಕ್ತಿದ್ದೆ."

ಪತ್ರಕ್ಕೆ ಬೇಕಾದದ್ದು ಸಿಕ್ಕಿತ್ತು. ಆ ಮಧ್ಯಾಹ್ನ ಬರೆಯಲು ಕುಳಿತಾಗ ಟೈಪಕ್ಕ ಮೊದಲು 'ಈಕೆ ಶ್ರಮಜೀವಿ' ಎಂದು ಹೊಡೆದಳು. ತುಂಬ ಹೊತ್ತು ಅದನ್ನೇ ನೋಡಿದಳು. ಆ ಒಂದು ಪದ ಸಾಕಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಅಳಿಸಿದಳು. ಅವಳದು ದೊಡ್ಡ ಮನಸ್ಸು ಎಂದು ತಿಳಿಯಬೇಡಿ. ಕೆಟ್ಟ ವಾಕ್ಯವೊಂದು ತನ್ನ ಕೈಯಿಂದ ಹೊರಗೆ ಹೋಗುವುದನ್ನು ಅವಳು ಸಹಿಸಲಾರಳು, ಅಷ್ಟೆ. ಅಳಿಸಿದ ಜಾಗದಲ್ಲಿ 'ಬರೆದವರು ಹೆದರಿದ ಜಾಗವನ್ನು ಈಕೆ ಹುಡುಕಿ ಅಲ್ಲಿಂದ ಓದಲು ಶುರುಮಾಡುತ್ತಾಳೆ' ಎಂದು ಬರೆದಳು. ನಲವತ್ತನಾಲ್ಕರಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ಪತ್ರವಾಯಿತು.

ನಾಲ್ಕನೆಯ ದಿನ ಮೇಷ್ಟ್ರು ಮೂರು ಹಾಳೆ ತಂದುಕೊಟ್ಟರು. ಅಕ್ಷರಗಳು ಮಸಿಯಲ್ಲಿ ಬಿದ್ದ ಇರುವೆ ಹರಿದಾಡಿದ ಹಾಗಿದ್ದವು. ತೋರುಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದರು. "ಟೈಪ್ ಮಾಡಮ್ಮ. ಅರ್ಥವಾಗದೆ ಇದ್ರೆ ಕೇಳು."

ಎಲ್ಲವೂ ಅರ್ಥವಾಯಿತು. 'ಈಕೆ ಅಪ್ಪಟ ಶ್ರಮಜೀವಿ. ಸಮಯಪಾಲನೆಯಲ್ಲಿ ಎತ್ತಿದ ಕೈ. ಒಂದು ದಿನವೂ ತಡವಾಗಿ ಬಂದವಳಲ್ಲ. ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಾಳೆ.' ಎರಡೂವರೆ ಪುಟ ಹೀಗೆಯೇ ಇತ್ತು. ಸ್ವಂತ ಮಗಳ ಬಗ್ಗೆ ಬೀಗರಿಗೆ ಬರೆದಂತಿತ್ತು.

ಕೊನೆಯಲ್ಲಿ ಇನ್ನೊಂದು ಮಾತಿತ್ತು. 'ಕಳೆದ ಹನ್ನೊಂದು ವರ್ಷಗಳಲ್ಲಿ ನನ್ನ ಹೆಸರಿನಲ್ಲಿ ತಮ್ಮ ಸಮಿತಿಗೆ ಬಂದ ಶಿಫಾರಸು ಪತ್ರಗಳನ್ನೆಲ್ಲ ಬರೆದವಳು ಈಕೆಯೇ. ಅವುಗಳಲ್ಲಿ ಒಂದು ಪದವೂ ನನ್ನದಲ್ಲ.'

ಅದನ್ನು ಓದಿ ಅವಳಿಗೆ ಸಂತೋಷವಾಯಿತು. ಹನ್ನೊಂದು ವರ್ಷದಲ್ಲಿ ಅಂಥ ಸಂತೋಷ ಅವಳಿಗೆ ಆಗಿರಲಿಲ್ಲ. ಒಬ್ಬರಿಗಾದರೂ ಗೊತ್ತಿದೆ, ಗೊತ್ತಿದ್ದವರು ತಮ್ಮ ಮಾನವನ್ನೇ ಒತ್ತೆಯಿಟ್ಟು ಅದನ್ನು ಬರೆದಿದ್ದಾರೆ. ಆ ಎರಡು ವಾಕ್ಯಗಳನ್ನು ಓದಿದ ಸಮಿತಿ ಅವಳನ್ನು ಬಿಡುತ್ತಿರಲಿಲ್ಲ.

ಸಂತೋಷ ಕಾಲುಗಂಟೆ ಇತ್ತು. ಆಮೇಲೆ ಅವಳು ಗುಮಾಸ್ತೆಯಂತೆ ಯೋಚಿಸತೊಡಗಿದಳು. ಈ ಮಾತು ಹೋದರೆ ಕನ್ನಡಕದ ಹುಡುಗಿಯ ಪತ್ರ ಕಸದ ಬುಟ್ಟಿಗೆ ಬೀಳುತ್ತದೆ. ಮೂವತ್ತೇಳು ಜನರ ಸೀಟಿನ ಮೇಲೆ ಬೊಟ್ಟು ಮಾಡುತ್ತಾರೆ. ಮೇಷ್ಟ್ರು ನಿವೃತ್ತರಾಗಲು ಎಂಟೇ ತಿಂಗಳಿತ್ತು, ಮರ್ಯಾದೆಯಿಂದ ಹೊರಗೆ ಹೋಗಬೇಕಾದವರು ವಿಚಾರಣೆ ಎದುರಿಸಬೇಕಾಗುತ್ತದೆ.

"ಸರ್, ಈ ಕೊನೇ ಮಾತು ಇರಲೇಬೇಕಾ?" ಎಂದು ಕೇಳಿದಳು.

"ಇರಲಿ. ನಿಜ ತಾನೇ? ನನಗೇನಾದ್ರೂ ಆಗಲಿ ಬಿಡು."

"ಅದರ ಬದಲು ನನ್ನ ಪ್ರಬಂಧದ ಬಗ್ಗೆ ಏನಾದ್ರೂ..."

"ಯಾವ ಪ್ರಬಂಧ?" ಎಂದರು ಮೇಷ್ಟ್ರು. ಆಮೇಲೆ ಅವಸರದಲ್ಲಿ, "ಓ, ಅದಾ! ಸೊಗಸಾಗಿತ್ತು. ಏನಮ್ಮ ಅದರ ವಿಷಯ?"

ಅವಳು ಹೇಳಿದಳು. ಅವರು ಹಾಂ ಹಾಂ ಎಂದರು. ಪತ್ರಕ್ಕೆ ಒಂದಕ್ಷರವೂ ಸೇರಲಿಲ್ಲ.

ಟೈಪಕ್ಕ ಆ ಎರಡು ವಾಕ್ಯಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೊಡೆದಳು. ಅದರ ಬದಲು ತನ್ನ ತಲೆಯಲ್ಲಿದ್ದ ಪತ್ರವನ್ನೇ ಹೊಡೆಯಬಹುದಿತ್ತು. ಆದರೆ ಅವರು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬರೆದದ್ದನ್ನು ಎತ್ತಿ ಎಸೆಯಲು ಮನಸ್ಸು ಬರಲಿಲ್ಲ. ಸಹಿ ಹಾಕುವಾಗ ಮೇಷ್ಟ್ರು ಈ ಸಲ ಕಿಟಕಿಯಾಚೆಗೂ ನೋಡಲಿಲ್ಲ, ಕಣ್ಣನ್ನೇ ಮುಚ್ಚಿಕೊಂಡಿದ್ದರು. ಎಂಥ ಧೈರ್ಯ ಇವರದು ಎಂದುಕೊಂಡಳು ಅವಳು. ಅವರು ತನಗಾಗಿ ತಮ್ಮ ಮಾನವನ್ನೇ ಕೊಟ್ಟರು, ತಾನು ಅವರಿಗೆ ತಿಳಿಯದಂತೆ ಅದನ್ನು ಹಿಂದಿರುಗಿಸಿದೆ ಎನ್ನುವ ಸಮಾಧಾನ ಅವಳಿಗಿತ್ತು. ನಾಲ್ಕು ತಿಂಗಳು ಆ ಸಮಾಧಾನದ ಮೇಲೆಯೇ ಬದುಕಿದಳು.

ಆ ನಾಲ್ಕು ತಿಂಗಳನ್ನು ಬದುಕು ಎನ್ನುವುದೂ ಕಷ್ಟ. ದಿನಕ್ಕೆ ಇಪ್ಪತ್ತು ಸಲ ಇಮೇಲ್ ತೆರೆದಳು. ಬೆಳಗ್ಗೆ ಸಿಕ್ಕೇ ಸಿಗುತ್ತದೆ ಅನ್ನಿಸುವುದು, ಊಟದ ಹೊತ್ತಿಗೆ ನನ್ನಂಥವಳಿಗೆ ಯಾರು ಕೊಡುತ್ತಾರೆ ಅನ್ನಿಸುವುದು. ಸಂದರ್ಶನಕ್ಕೆ ಕರೆ ಬಂದ ದಿನ ಬಸ್ಸಿನಲ್ಲಿ ಗುರುತಿಲ್ಲದವರನ್ನು ನೋಡಿ ನಕ್ಕಳು. ಅಮ್ಮ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಒಂದೇ ಬಾಣಲೆ ಇದ್ದದ್ದರಿಂದ ಅದು ಯಾರಿಗೆ ಎಂದು ತಾಯಿ ಮಗಳಿಗೆ ಸಣ್ಣ ಜಗಳವೂ ಆಯಿತು.

ಸಂದರ್ಶನದಲ್ಲಿ ಐದು ಜನ ಕುಳಿತಿದ್ದರು. ಅವಳು ಚೆನ್ನಾಗಿಯೇ ಉತ್ತರಿಸಿದಳು. ಕೊನೆಗೆ ಅಧ್ಯಕ್ಷರು ಅವಳ ಕಡತ ಮುಚ್ಚಿ ಕನ್ನಡಕ ತೆಗೆದರು.

"ನಿಮ್ಮ ಪ್ರೊಫೆಸರ ಪತ್ರ ಅಂದ್ರೆ ನಾವು ಕಾದು ಓದ್ತೀವಿ. ಒಬ್ಬ ವಿದ್ಯಾರ್ಥೀನ ಕಣ್ಣ ಮುಂದೆ ತಂದು ನಿಲ್ಲಿಸಿಬಿಡ್ತಾರೆ. ನಿಮ್ಮ ವಿಷಯದಲ್ಲಿ ಯಾಕೋ ಕೈ ಬಿಗಿ ಹಿಡಿದಿದ್ದಾರೆ." ಸ್ವಲ್ಪ ನಕ್ಕರು. "ಹನ್ನೊಂದು ವರ್ಷ ಹತ್ತಿರದಿಂದ ನೋಡಿದವರು. ಅವರಿಗೆ ಹೇಳೋಕೆ ಇಷ್ಟೇ ಸಿಕ್ತು ಅಂದ್ರೆ ನಾವು ಏನು ತಿಳ್ಕೋಬೇಕು, ನೀವೇ ಹೇಳಿ."

ಅವಳು ಕಟ್ಟಿದ ಪತ್ರಗಳೇ ಅವಳೆದುರು ಅಳತೆಗೋಲಾಗಿ ನಿಂತಿದ್ದವು. "ಅವರು ಇದ್ದದ್ದನ್ನೇ ಬರೆದಿದ್ದಾರೆ ಸರ್," ಎಂದು ಹೇಳಿ ಎದ್ದು ಬಂದಳು.

ಫಲಿತಾಂಶ ಎರಡು ಸಾಲಿನಲ್ಲಿ ಬಂತು. ವಿಷಾದ ಒಂದು ಸಾಲು, ಶುಭ ಹಾರೈಕೆ ಒಂದು ಸಾಲು. ಸೀಟು ಕನ್ನಡಕದ ಹುಡುಗಿಗೆ ಸಿಕ್ಕಿತ್ತು. ಅವಳು ಓಡಿಬಂದು ಟೈಪಕ್ಕನ ಕೈ ಹಿಡಿದು ಅತ್ತಳು, ಟೈಪಕ್ಕನೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಮನೆಯಲ್ಲಿ ಅಮ್ಮ ಏನೂ ಕೇಳಲಿಲ್ಲ. ಪೆಟ್ಟಿಗೆಯಿಂದ ಪಾತ್ರೆಗಳನ್ನು ತೆಗೆದು ಒಂದೊಂದಾಗಿ ಮೊದಲಿನ ಜಾಗದಲ್ಲಿ ಇಟ್ಟಳು. ಮಗಳು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾರನೆಯ ದಿನ ಮೇಷ್ಟ್ರು ಕರೆಸಿದರು. "ಕೂತ್ಕೋಮ್ಮ," ಎಂದರು. ಮುಖ ಬಾಡಿತ್ತು. "ಅಧ್ಯಕ್ಷರು ಫೋನ್ ಮಾಡಿದ್ರು. ಆ ಹುಡುಗಿಯ ಪತ್ರವನ್ನ ಹೊಗಳಿದ್ದೇ ಹೊಗಳಿದ್ದು. ನಿಮ್ಮ ಹಾಗೆ ಇನ್ಯಾರೂ ಬರೆಯಲ್ಲ ಅಂದ್ರು. ನನಗೆ ಒಂದೂ ಅರ್ಥವಾಗ್ತಿಲ್ಲ. ಪತ್ರಗಳೆಲ್ಲ ನಿನ್ನವು ಅಂತ ನಾನು ಸ್ಪಷ್ಟವಾಗಿ ಬರೆದಿದ್ದೆನಲ್ಲ? ಓದೇ ಇಲ್ವೋ, ಓದಿ ಇಟ್ಕೊಂಡಿದ್ದಾರೋ. ಅದನ್ನ ಕಳಿಸಿದ ದಿನದಿಂದ ನನಗೆ ನಿದ್ದೆ ಇಲ್ಲ ಕಣಮ್ಮ. ಬೀಳ್ಕೊಡುಗೆ ದಿನ ಯಾರಾದ್ರೂ ಎದ್ದು ನಿಂತು ಕೇಳಿಬಿಟ್ರೆ ಅಂತ..."

ಟೈಪಕ್ಕನಿಗೆ ಪಾಪ ಎನಿಸಿತು. "ಅವರಿಗೆ ಗೊತ್ತೇ ಇಲ್ಲ ಸರ್. ಆ ಎರಡು ವಾಕ್ಯ ನಾನು ಹೊಡೆಯಲೇ ಇಲ್ಲ. ಬಿಟ್ಟುಬಿಟ್ಟೆ."

ಮೇಷ್ಟ್ರ ಭುಜ ಇಳಿಯಿತು, ಕಟ್ಟಿಹಿಡಿದಿದ್ದ ಉಸಿರು ಹೊರಗೆ ಬಂತು, ಮುಖಕ್ಕೆ ಬಣ್ಣ ಮರಳಿತು. ಮುಚ್ಚಿಡಲು ಅವರಿಗೆ ಸಮಯ ಸಿಗಲಿಲ್ಲ. ಟೈಪಕ್ಕ ಎಲ್ಲವನ್ನೂ ನೋಡಿದಳು.

"ಒಳ್ಳೇದು ಮಾಡಿದೆ," ಎಂದರು. "ತುಂಬಾ ಒಳ್ಳೇದು ಮಾಡಿದೆ."

'ಹಾಗಾದರೆ ಆ ಮಾತು ಇದ್ದಿದ್ದರೆ ಸೀಟು ನಿನಗೆ ಸಿಗುತ್ತಿತ್ತೇನೋ ಅಲ್ವಾ' ಎಂದು ಅವರು ಕೇಳುತ್ತಾರೆ ಎಂದು ಅವಳು ಕಾದಳು. ಕೇಳಿದ್ದರೆ ಸಾಕಿತ್ತು, ಉತ್ತರವೂ ಬೇಕಿರಲಿಲ್ಲ. ಗೋಡೆಯ ಫ್ಯಾನು ಎರಡು ಸಲ ಆ ಕಡೆಯಿಂದ ಈ ಕಡೆಗೆ ತಿರುಗಿತು.

"ನಾನು ಬರೆದುಕೊಟ್ಟ ಹಾಳೆಗಳು ಎಲ್ಲಿವೆ?" ಎಂದು ಕೇಳಿದರು ಮೇಷ್ಟ್ರು.

ಅವು ಅವಳ ಕೈಚೀಲದಲ್ಲೇ ಇದ್ದವು. ಯಾವತ್ತೂ ಇರುತ್ತಿದ್ದವು. ತೆಗೆದುಕೊಟ್ಟಳು. ಮೇಷ್ಟ್ರು ಮೂರನ್ನೂ ಜೋಡಿಸಿ ಹರಿಯಲು ನೋಡಿದರು. ಕೈ ನಡುಗಿ ಹಾಳೆ ಮಡಿಸಿಕೊಂಡಿತೇ ಹೊರತು ಹರಿಯಲಿಲ್ಲ. ಮತ್ತೊಮ್ಮೆ ನೋಡಿದರು.

"ನನ್ನ ಕೈಲಿ ಆಗ್ತಿಲ್ಲ. ತಗೋಮ್ಮ," ಎಂದು ಅವಳ ಕಡೆಗೆ ಚಾಚಿದರು.

ಟೈಪಕ್ಕ ತೆಗೆದುಕೊಂಡು ಹರಿದಳು. ಮೇಷ್ಟ್ರು ಮುಂದಕ್ಕೆ ಬಾಗಿ, ಚೂರುಗಳು ಸಾಕಷ್ಟು ಸಣ್ಣಗಾದವೇ ಎಂದು ನೋಡುತ್ತಿದ್ದರು.