ಹುರಿದ ಮಣ್ಣು

ಅಕ್ಕ ಮಣ್ಣು ತಂದದ್ದು ಸ್ಟೀಲ್ ಡಬ್ಬಿಯಲ್ಲಿ, ಮೇಲೆ ಮಡಿಸಿದ ಬಟ್ಟೆ ಕಟ್ಟಿ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಸವೆಸಿದ್ದ ತಂಗಿ ಅಷ್ಟು ನಯವಾದ ಮಣ್ಣನ್ನು ಕಂಡಿರಲಿಲ್ಲ. ಬೇರೆಯವರು ಕಲ್ಲು, ಕಸ, ಎರೆಹುಳು ಸಮೇತ ತರುತ್ತಾರೆ. ಒಮ್ಮೆ ಹಳೇ ಚಪ್ಪಲಿಯ ಪಟ್ಟಿಯೂ ಬಂದಿತ್ತು. ಅಕ್ಕನ ಅಚ್ಚುಕಟ್ಟೇ ಅಚ್ಚುಕಟ್ಟು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಳು. ಎಡವಿದ್ದು ಅಲ್ಲೇ.

ಅಕ್ಕನ ಮನೆಯ ಹಿಂದೆ ಒಂಬತ್ತು ಪಾತಿ. ಹದಿನೆಂಟು ವರ್ಷದಿಂದ ಬರೀ ಟೊಮೇಟೊ. ಒಂದು ಬೆಳೆ ಕಿತ್ತ ಕೈಯಲ್ಲೇ ಇನ್ನೊಂದು ಸಸಿ ನೆಡುವವಳು ಅವಳು, ಪಾತಿ ಒಂದು ದಿನವೂ ಖಾಲಿ ಬಿದ್ದದ್ದಿಲ್ಲ. ಈಗ ಸತತ ಮೂರು ಬೆಳೆ ಕಾಯಿ ಕಚ್ಚುವ ಹೊತ್ತಿಗೆ ಹಸಿರಾಗಿದ್ದಂತೆಯೇ ಜೋಲುಬಿದ್ದು ಸತ್ತಿತ್ತು. ಪಕ್ಕದ ಲಾರಿ ಮಾಲೀಕ ಆ ಜಾಗ ಕೊಡಿ, ಗಾಡಿ ನಿಲ್ಲಿಸ್ತೀನಿ ಎಂದು ದುಂಬಾಲು ಬಿದ್ದಿದ್ದ.

"ಮಣ್ಣಲ್ಲಿ ಜೀವ ಇದೆಯಾ ನೋಡಿ ಹೇಳು. ಇಲ್ಲದಿದ್ರೆ ಅವನಿಗೇ ಕೊಟ್ಬಿಡ್ತೀನಿ," ಎಂದಿದ್ದಳು ಅಕ್ಕ.

ಮಣ್ಣು ಹುಳಿಯಾಗಿತ್ತು, ಅದು ತಂಗಿ ನಿರೀಕ್ಷಿಸಿದ್ದೇ. ಆದರೆ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಯಲೆಂದು ಇಟ್ಟ ಗಾಜಿನ ತಟ್ಟೆಯಲ್ಲಿ ಮೂರು ದಿನ ಕಳೆದರೂ ಒಂದೆರಡು ಚುಕ್ಕಿ ಬಿಟ್ಟರೆ ಏನೂ ಮೂಡಲಿಲ್ಲ. ಚಿಟಿಕೆ ಮಣ್ಣಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರಬೇಕು. ಮಣ್ಣು ಸತ್ತಿದೆ ಎಂದು ಫೋನಿನಲ್ಲಿ ಹೇಳಿದಾಗ ಅಕ್ಕ "ಸರಿ ಬಿಡು" ಎಂದಳು, ಅಷ್ಟೇ. ತಂಗಿ ಮರುದಿನವೇ ರಜೆ ಹಾಕಿ ಅಕ್ಕನ ಮನೆಗೆ ಹೊರಟಳು.

ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಬಾಣಲೆ, ಅದರ ತಳದಲ್ಲಿ ಕೆಂಪು ಮಣ್ಣು.

"ಇದೇನಕ್ಕ?"

"ನಿನ್ನ ಆಫೀಸಿಗೆ ಹಸಿ ಮಣ್ಣು ತರೋದಾ? ನಿನ್ನ ಮಾನ ಹೋಗಲ್ವಾ? ಚೆನ್ನಾಗಿ ಹುರಿದು, ಜರಡಿ ಹಿಡಿದು ತಂದೆ."

ತಂಗಿ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಷ್ಟನ್ನೂ ಸಾಯಿಸಿ, ಬದುಕಿದ್ಯಾ ನೋಡು ಅಂತ ತಂದ್ಯಲ್ಲೇ ಮಹಾತಾಯಿ!"

ಈ ಸಲ ಅವಳೇ ಅಗೆದು ಮಣ್ಣು ಒಯ್ದಳು. ನಾಲ್ಕನೇ ದಿನ ತಟ್ಟೆಗಳೊಂದಿಗೆ ಬಂದು ಅಕ್ಕನ ಮುಂದಿಟ್ಟಳು. ಬಿಳಿ, ಹಳದಿ ಚುಕ್ಕಿಗಳು ಒತ್ತೊತ್ತಾಗಿ ಎದ್ದಿದ್ದವು. ಆಮೇಲೆ ಜೋತುಬಿದ್ದ ಗಿಡವೊಂದರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಹಿಡಿದಳು. ಕತ್ತರಿಸಿದ ತುದಿಯಿಂದ ಹಾಲಿನಂಥ ಸಣ್ಣ ಎಳೆ ಕೆಳಕ್ಕಿಳಿಯಿತು.

"ಈ ಹಾಲಿನಂಥದ್ದು ಬ್ಯಾಕ್ಟೀರಿಯಾ, ಗಿಡ ಕೊಲ್ಲೋದು ಇದೇ. ನೀರು ಮೇಲೆ ಹತ್ತೋಕೆ ಬಿಡಲ್ಲ. ವರ್ಷವಿಡೀ ಅದೇ ಟೊಮೇಟೊ ಬೇರು ಸಿಗುತ್ತೆ, ಮಣ್ಣೂ ಹುಳಿ, ಇದಕ್ಕಿನ್ನೇನು ಬೇಕು? ಬೇರು ಕಾಯೋ ಒಳ್ಳೆಯವೂ ಇವೆ, ಆದ್ರೆ ಕಮ್ಮಿ. ಸುಣ್ಣ ಹಾಕಿ ಹುಲ್ಲು ಬೆಳೆಯೋಕೆ ಬಿಡು. ಮೂರು ವರ್ಷ ಟೊಮೇಟೊ ಬೇಡ."

ಅಕ್ಕ ಲೋಟವನ್ನೇ ನೋಡುತ್ತಿದ್ದಳು. "ಸತ್ತಿದೆ ಅಂದಾಗ ಕೊಟ್ಟುಬಿಡೋದು ಸುಲಭ ಇತ್ತು ಕಣೆ. ಬದುಕಿದೆ, ಸುಮ್ಮನೆ ಬಿಡು ಅಂತೀಯಲ್ಲ, ಅದು ನನ್ನ ಕೈಲಾಗಲ್ಲ."

ಆದರೂ ಲಾರಿಯವನಿಗೆ ಫೋನ್ ಮಾಡಿ ಜಾಗ ಕೊಡಲ್ಲ ಎಂದಳು. ಇಬ್ಬರೂ ಸೇರಿ ಮಧ್ಯಾಹ್ನದೊಳಗೆ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು ಸುಟ್ಟರು. ಒಂಬತ್ತು ಪಾತಿಗಳೂ ಬರಿದಾದವು. ಅಕ್ಕ ಅಭ್ಯಾಸಬಲದಿಂದ ಸಸಿಯ ತಟ್ಟೆಗಾಗಿ ಅತ್ತಿತ್ತ ನೋಡಿದಳು.

"ಈಗ?"

"ಈಗೇನೂ ಇಲ್ಲಕ್ಕ. ಕೂತ್ಕೋ."

ಅಕ್ಕ ಪಾತಿಯ ಅಂಚಿನಲ್ಲಿ, ಯಾರದೋ ಮನೆಗೆ ಬಂದವಳಂತೆ ಮುದುರಿ ಕೂತಳು.

"ನಿಮ್ಮ ಭಾವ ತೀರಿಹೋದ ಮೂರನೇ ದಿನ ಮೊದಲ ಪಾತಿ ಹಾಕಿದ್ದೆ," ಎಂದಳು. "ಅಳೋಕೆ ಪುರುಸೊತ್ತೇ ಆಗ್ಲಿಲ್ಲ."

ತಂಗಿ ಅವಳ ಮಣ್ಣುಗೈ ಹಿಡಿದುಕೊಂಡಳು. ಅಕ್ಕ ಅಂದು ಸಂಜೆಯವರೆಗೂ ಅತ್ತಳು.