ಏಳನೆಯವಳ ಕರೆ

ಹೊಲಿಗೆ ಯಂತ್ರದ ಮೇಲಿಟ್ಟಿದ್ದ ಮೊಬೈಲು ನಡುಗಿ, ಪಕ್ಕದ ಕತ್ತರಿಗೆ ತಾಗಿ ಕಿಣಿಕಿಣಿ ಎಂದಿತು. ರಾತ್ರಿ ಹನ್ನೊಂದೂವರೆ. ಒಳಗೆ ಮಲಗಿದ್ದ ತಂಗಿಗೆ ಎಚ್ಚರವಾದೀತೆಂದು ದರ್ಜಿ ಓಡಿ ಬಂದು ಎತ್ತಿಕೊಂಡಳು.

ಕರೆ ಮಾಡಿದ್ದು ಬೇಕರಿಯವಳು, ಪ್ರಾರ್ಥನಾ ಸರಪಳಿಯಲ್ಲಿ ಏಳನೆಯವಳು, ಕೊನೆಯವಳು. ಒಬ್ಬಳು ತನ್ನ ಕೋರಿಕೆಯನ್ನು ಇನ್ನೊಬ್ಬಳಿಗೆ, ಅವಳು ಮುಂದಿನವಳಿಗೆ ಫೋನಿನಲ್ಲಿ ದಾಟಿಸಬೇಕು. ಕೊನೆಯವಳು ಅದನ್ನು ಮೊದಲನೆಯವಳಿಗೇ ಓದಿ ಹೇಳಬೇಕು. ಚರ್ಚಿನ ಹೆಂಗಸರು ಮಾಡಿಕೊಂಡ ನಿಯಮ. ಬೆಳಿಗ್ಗೆ ಮೊದಲನೆಯವಳಾಗಿ ದರ್ಜಿ ಹೇಳಿದ್ದು ಇಷ್ಟೇ: “ನನ್ನ ತಂಗಿಗೆ ನಿದ್ದೆ ಬರ್ತಿಲ್ಲ. ಡಾಕ್ಟರು ಮನಸ್ಸಿಗೆ ಔಷಧಿ ಕೊಟ್ಟಿದ್ದಾರೆ. ಅದು ಹಿಡೀಲಿ ಅಂತ ಪ್ರಾರ್ಥನೆ ಮಾಡಿ.”

“ಬರ್ಕೊಂಡಿದ್ದೀನಿ, ಕೇಳು.” ಬೇಕರಿಯವಳು ಆಕಳಿಸಿ ಓದಿದಳು. “ದರ್ಜಿಯಕ್ಕನ ತಂಗಿಯನ್ನು ಹಿಡಿದಿರುವ ದೆವ್ವ ಬಿಟ್ಟುಹೋಗಲಿ. ಆಕೆ ತನ್ನ ಗುಪ್ತ ಪಾಪವನ್ನು ಒಪ್ಪಿಕೊಳ್ಳಲಿ. ಮಾತ್ರೆ ಎಸೆದು ಕರ್ತನನ್ನು ನಂಬಲಿ. ಸರಿ ಇದೆ ಅಲ್ವಾ?”

“ದೆವ್ವ ಅಂತ ಯಾರು ಹೇಳಿದ್ದು?”

“ನಂಗೆ ಬಂದದ್ದೇ ಹಾಗೆ ಕಣೇ. ನಾನೇನೂ ಸೇರಿಸಿಲ್ಲ. ‘ಗುಪ್ತ’ ಅನ್ನೋದೊಂದು ಮಾತ್ರ ನಂದು. ನಾಳೆ ಸಂಜೆ ಎಲ್ಲರೂ ಬರ್ತೀವಿ, ಅವಳ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡೋಕೆ.”

“ಬರಬೇಡಿ.”

“ಅಯ್ಯೋ, ಪ್ರಾರ್ಥನೆ ಬೇಡ ಅಂತಾರಾ ಯಾರಾದ್ರೂ?”

ದರ್ಜಿಗೆ ಕಣ್ಣು ಮುಚ್ಚಲಾಗಲಿಲ್ಲ. ಸರಪಳಿಯ ಉಳಿದ ಆರೂ ಜನರ ಅಳತೆ ಅವಳ ಪುಸ್ತಕದಲ್ಲಿತ್ತು. ಯಾರ ಸೊಂಟ ಎಷ್ಟು ಬೆಳೆದಿದೆ, ಯಾರ ಎದೆಯಲ್ಲಿ ಶಸ್ತ್ರಚಿಕಿತ್ಸೆಯ ಗೆರೆಯಿದೆ ಎಂದು ಇಪ್ಪತ್ತು ವರ್ಷಗಳಲ್ಲಿ ಒಬ್ಬರೆದುರೂ ಬಾಯಿಬಿಟ್ಟವಳಲ್ಲ. ತಂಗಿಯ ವಿಷಯಕ್ಕೆ ಮಾತ್ರ ಬಾಯಿಬಿಟ್ಟಿದ್ದಳು.

ಮರುದಿನ ಸಂಜೆ ಆರೂ ಜನ ಬಂದರು. ಮುಂದೆ, ಎಣ್ಣೆ ಶೀಶೆ ಹಿಡಿದ ನಿವೃತ್ತ ಮುಖ್ಯೋಪಾಧ್ಯಾಯಿನಿ. ದರ್ಜಿ ಕೊರಳಲ್ಲಿ ಅಳತೆ ಟೇಪು ನೇತುಬಿಟ್ಟುಕೊಂಡೇ ಬಾಗಿಲಿಗೆ ಅಡ್ಡ ನಿಂತಳು.

“ದಾರಿ ಬಿಡಮ್ಮಾ. ಮಾತ್ರೆ ನುಂಗ್ತಾಳೆ ಅಂದ್ರೆ ನಂಬಿಕೆ ಸಾಲ್ದು ಅಂತಲೇ ಅರ್ಥ.”

“ಹಾಗಾದ್ರೆ ನಿಮ್ಮ ಕನ್ನಡಕ ಬಿಚ್ಚಿ ಕೊಡಿ ಟೀಚರ್. ನಂಬಿಕೆಯಿಂದಲೇ ಮೆಟ್ಟಿಲು ಇಳೀರಿ, ನೋಡೋಣ.”

ಹಿಂದೆ ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿ ಮುಚ್ಚಿಕೊಂಡರು.

“ನಿನಗೂ ತಗುಲಿದೆ,” ಎಂದರು ಟೀಚರ್, ಮೆಲ್ಲಗೆ. ರಾತ್ರಿಯೊಳಗೆ ಅದೂ ಮನೆ ಮನೆ ಸುತ್ತುತ್ತದೆಂದು ದರ್ಜಿಗೆ ಗೊತ್ತಿತ್ತು. ಬಾಗಿಲು ಹಾಕಿ ಚಿಲಕ ಜಡಿದಳು.

ತಂಗಿ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಚರ್ಚಿನಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಿದ್ದವಳು, ಎರಡು ತಿಂಗಳಿಂದ ಅತ್ತ ಹೋಗಿರಲಿಲ್ಲ.

“ನನ್ನ ವಿಷಯ ಅವರಿಗೆ ಯಾರಕ್ಕಾ ಹೇಳಿದ್ದು?”

“ನಾನೇ.”

ತಂಗಿ ಗೋಡೆ ಕಡೆ ತಿರುಗಿ ಮಲಗಿದಳು. ಗೋಡೆಗೆಂಬಂತೆ ಹೇಳಿದಳು: “ಪ್ರಾರ್ಥನೆ ಮಾಡೋಕೆ ಕೂತ್ರೆ ನಂಗೆ ಒಂದು ಮಾತೂ ಬರಲ್ಲ ಅಕ್ಕಾ. ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ಡಾಕ್ಟರಿಗೆ ಹೇಳಿದ್ದೀನಿ. ಈಗ ನಿಂಗೆ.”

ದರ್ಜಿ ದೀಪ ಆರಿಸಿ, ಎಂದಿನಂತೆ ಪ್ರಾರ್ಥನೆಗೆ ಮೊಣಕಾಲೂರಿದಳು. ತಂಗಿಯ ಹೆಸರು ನಾಲಿಗೆಯ ತುದಿಗೆ ಬಂತು. ಇದನ್ನು ಯಾರಿಗೂ ಹೇಳುವುದಿಲ್ಲ, ಇಲ್ಲಿಯೂ ಹೇಳುವುದಿಲ್ಲ ಎಂದುಕೊಂಡಳು. ಎದ್ದು, ತಂಗಿಯ ಪಾದದ ಮೇಲಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು.