ಎರಡೂ ಕಾಲು ಸಮ

ಆ ಪ್ರಯೋಗಶಾಲೆಗೆ ಬರುವ ಆಟಗಾರರೆಲ್ಲ ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದದ್ದು ಸಮಕ್ಕ ಎಂದು. ಬಾಯಿ ತೆರೆದರೆ ಅವಳದು ಅದೇ ಮಾತು: ಎರಡೂ ಕಾಲು ಸಮ ಆಗಬೇಕು. ಮಂಡಿ ಹರಿದುಕೊಂಡು ಆಪರೇಷನ್ ಮಾಡಿಸಿಕೊಂಡವರ ಕಾಲಿನ ಬಲ ಅಳೆದು, ಇನ್ನು ಮೈದಾನಕ್ಕೆ ಇಳಿಯಬಹುದೋ ಇಲ್ಲವೋ ಹೇಳುವುದು ಅವಳ ಕೆಲಸ. ಒಳ್ಳೆಯ ಕಾಲಿನ ಬಲ ನೂರು ಅಂದರೆ ಪೆಟ್ಟಾದ ಕಾಲು ತೊಂಬತ್ತಾದರೂ ಮುಟ್ಟಬೇಕು. ಒಂದು ಕಮ್ಮಿಯಾದರೂ, ದೇವರೇ ಬಂದು ಶಿಫಾರಸು ಮಾಡಿದರೂ ಅವಳು ಹೂಂ ಅನ್ನುತ್ತಿರಲಿಲ್ಲ. ವರ್ಷಗಟ್ಟಲೆ ಮಂಡಿಗಳ ಬೆನ್ನು ಹತ್ತಿ ಸಂಶೋಧನೆ ಮಾಡಿ, ಆ ಪ್ರಯೋಗಶಾಲೆಯಲ್ಲಿ ಈ ಕಾಯ್ದೆ ತಂದವಳೂ ಅವಳೇ. ಊರವರ ಮಂಡಿಗೆ ನ್ಯಾಯ ಹೇಳುವುದು ಸುಲಭ. ಈ ಸಲ ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದವಳು ತಮ್ಮನ ಮಗಳು.

ಮಿಡತೆ ಎಂದು ಮನೆಯವರೇ ಇಟ್ಟ ಅಡ್ಡಹೆಸರು. ಉದ್ದ ಜಿಗಿತದ ಹುಡುಗಿ. ಎಡಗಾಲಲ್ಲಿ ಹಲಗೆ ಒದ್ದು ಹಾರಿದಳೆಂದರೆ, ಇವಳಿಗೆ ಮರಳಿಗೆ ಇಳಿಯುವ ಮನಸ್ಸೇ ಇಲ್ಲವೇನೋ ಅನ್ನಿಸುತ್ತಿತ್ತು. ಹೋದ ವರ್ಷ ಹರಿದದ್ದು ಆ ಎಡಮಂಡಿಯೇ; ಆಪರೇಷನ್ ಆದಮೇಲೂ ನಡಿಗೆಯಲ್ಲಿ ಕುಂಟು ಉಳಿದಿತ್ತು. ಅವಳ ಅಪ್ಪನೇ ಅವಳ ಕೋಚು; ಅವನೂ ಒಂದು ಕಾಲದ ಜಿಗಿತಗಾರ. ಮುಂದಿನ ವಾರ ತಂಡದ ಆಯ್ಕೆ. ಸಮಕ್ಕ ಹೂಂ ಅಂದರೆ ಮಿಡತೆ ಹಾರಬಹುದು. ಊಹೂಂ ಅಂದರೆ ಅವಳ ವಯಸ್ಸಿನವರನ್ನು ಮತ್ತೆ ಕರೆಯುವವರಿಲ್ಲ.

ತೊಡೆಗೆ ಪಟ್ಟಿ ಬಿಗಿದು, ಕಣಕಾಲಿಗೆ ಯಂತ್ರದ ದಿಂಬು ಕಟ್ಟಿ ಒದಿಸಿದ್ದಾಯಿತು. ಪರದೆಯ ಮೇಲೆ ಒದೆತಕ್ಕೊಂದು ಗೆರೆ ಗುಡ್ಡದಂತೆ ಎದ್ದು ಇಳಿಯಿತು. ಕೊನೆಗೆ ಬಂದ ಲೆಕ್ಕ ತೊಂಬತ್ತೊಂದು. ಹಿಂದಿನ ಪರೀಕ್ಷೆಯಲ್ಲಿ ಅದು ಎಪ್ಪತ್ತೆಂಟಕ್ಕೆ ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿತ್ತು. ಪಕ್ಕದಲ್ಲಿ ನಿಂತಿದ್ದ ತಮ್ಮ ಮಗಳ ಬೆನ್ನು ತಟ್ಟಿದ. ಸಮಕ್ಕನಿಗೂ ಹಿಗ್ಗಾಯಿತು, ಸುಳ್ಳೇಕೆ. ಆ ಹಿಗ್ಗಿನಲ್ಲೇ ಅವಳು ಎರಡೂ ಕಾಲಿನ ಬಲವನ್ನು ಬೇರೆ ಬೇರೆಯಾಗಿ ನೋಡಿದಳು. ಎಡಗಾಲು ಕೂದಲೆಳೆಯಷ್ಟೂ ಏರಿರಲಿಲ್ಲ. ಬಲಗಾಲು ಇಳಿದಿತ್ತು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಈ ಆಟಗಾರರು. ಒಳ್ಳೆಯ ಕಾಲನ್ನು ಬೇಕೆಂದೇ ಮೆಲ್ಲಗೆ ಒದ್ದು, ಕೆಟ್ಟ ಕಾಲು ಅದಕ್ಕೆ ಸಮ ಎಂದು ತೋರಿಸುವುದು ಹಳೆಯ ಕಸರತ್ತು. ಆದರೆ ಕಳ್ಳ ಒದೆತ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ, ಗೆರೆಯಲ್ಲಿ ಸಿಕ್ಕಿಬೀಳುತ್ತದೆ. ತನ್ನ ಮನೆಯ ಹುಡುಗಿಯೇ ಹೀಗೆ ಮಾಡಿದಳಲ್ಲ ಎಂದು ಸಮಕ್ಕನಿಗೆ ರೇಗಿತು. ಕಾಲಲ್ಲಿ ಕಳ್ಳತನ ಬೇಡ, ಪೂರ್ತಿ ಒದಿ ಎಂದು ಗದರಿದಳು. ಬಲಗಾಲನ್ನು ಮತ್ತೆ ಮತ್ತೆ ಒದಿಸಿದಳು. ಮಿಡತೆಯ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರಾಡಿತು. ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಗೆರೆಯಂತೆ ಕಂಡವು. ಕಳ್ಳತನ ಇರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸಮಕ್ಕನಿಗೆ.

"ಬಲಗಾಲಿಗೆ ಏನಾಯ್ತೇ?"

"ಏನೂ ಆಗಿಲ್ಲ ಅತ್ತೆ. ನಾನೇ ಅದನ್ನ ಬಿಟ್ಟೆ."

ಬಿಟ್ಟದ್ದು ಹೇಗೆಂದು ಹುಡುಗಿ ಸಂಕೋಚವಿಲ್ಲದೆ ಹೇಳಿದಳು. ತಿಂಗಳುಗಟ್ಟಲೆ ಬಲಗಾಲಿಗೆ ಭಾರ ಕಟ್ಟಿರಲಿಲ್ಲ, ಅದನ್ನು ದುಡಿಸಿರಲಿಲ್ಲ, ಮೆಟ್ಟಿಲು ಹತ್ತುವಾಗಲೂ ಎಡಗಾಲಿನ ಮೇಲೇ ಮೈ ಎತ್ತುತ್ತಿದ್ದಳು. ಅಪ್ಪ ಪಕ್ಕದಲ್ಲೇ ನಿಂತು ಎಡಗಾಲಿಗೆ ಕೊಡು, ಎಡಗಾಲಿಗೆ ಕೊಡು ಎಂದು ಹುರಿದುಂಬಿಸುತ್ತಿದ್ದ. ಬಲಗಾಲನ್ನು ಯಾರೂ ವಿಚಾರಿಸಲಿಲ್ಲ. ನೆಟ್ಟಗಿರುವ ಮಗುವನ್ನು ಯಾವ ಮನೆಯಲ್ಲಿ ತಾನೇ ವಿಚಾರಿಸುತ್ತಾರೆ?

"ಎಷ್ಟು ಮಾಡಿದ್ರೂ ಎಡಗಾಲು ಮೇಲೆ ಬರ್ಲಿಲ್ಲ ಅತ್ತೆ. ಅದಕ್ಕೇ ಬಲಗಾಲನ್ನ ಕೆಳಗಿಳಿಸ್ದೆ. ಸಮ ಆಗ್ಬೇಕು ಅಂದಿದ್ರಲ್ಲ ನೀವು."

ಸಮಕ್ಕ ಯಂತ್ರದಿಂದ ಕೈ ತೆಗೆದಳು. ಆ ಮಾತನ್ನು ಅವಳು ಈ ಹುಡುಗಿಗೆ ಇಲ್ಲಿಯೂ ಹೇಳಿದ್ದಳು, ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿದ್ದಳು. ಒಳ್ಳೆಯ ಕಾಲು ಒಳ್ಳೆಯದಾಗಿಯೇ ಇರಬೇಕು ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದು ಹೊಳೆದೂ ಇರಲಿಲ್ಲ.

ತಮ್ಮ ವಾದಕ್ಕೆ ನಿಂತ. ತೊಂಬತ್ತು ದಾಟಿದೆಯಲ್ಲ, ಕಾಯ್ದೆ ನಿನ್ನದೇ ತಾನೇ ಎಂದ. ಅವಳು ಅದೂ ಇದೂ ಹೇಳತೊಡಗಿದಾಗ, ಅಡ್ಡಗೋಡೆಯ ಮೇಲೆ ದೀಪ ಇಡಬೇಡ, ಹೂಂ ಅನ್ನು ಇಲ್ಲ ಊಹೂಂ ಅನ್ನು ಎಂದು ಪಟ್ಟು ಹಿಡಿದ. ಸಮಕ್ಕ ಪೆಟ್ಟಾಗುವ ಮೊದಲಿನ ಎಡಗಾಲಿನ ಗೆರೆಯನ್ನು ತೆಗೆದು ಪರದೆಗೆ ಹಾಕಿದಳು. ಇವತ್ತಿನ ಎರಡು ಗೆರೆಗಳೂ ಅದರ ಕೆಳಗೆ ಜೊತೆಜೊತೆಯಾಗಿ ಮಲಗಿದ್ದವು. ಜಿಗಿದು ಗೊತ್ತಿದ್ದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಕಾಲುಗಳಲ್ಲಿ ಹಾರಿದರೆ ಹಲಗೆಯ ಮೇಲೇ ಮಂಡಿ ಮತ್ತೆ ಹೋಗುತ್ತದೆ, ಹೋಗದಿದ್ದರೂ ಅಷ್ಟು ಕಮ್ಮಿ ದೂರಕ್ಕೆ ಅವಳನ್ನು ಯಾರೂ ಆರಿಸುವುದಿಲ್ಲ.

"ಊಹೂಂ," ಅಂದಳು ಸಮಕ್ಕ.

ಅವನು ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಮಿಡತೆ ತಾನೇ ಪಟ್ಟಿ ಬಿಚ್ಚಿಕೊಂಡಳು. ಬಲಗಾಲು ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದಳು. ದುಡಿಸಿದರೆ ಆಗುತ್ತದೆ ಎಂದಳು ಅತ್ತೆ.

"ಎಡಗಾಲು?"

ಇಂಥ ಪ್ರಶ್ನೆಗೆ ನೋಡೋಣ ಎನ್ನುವುದು ಸಮಕ್ಕನ ರೂಢಿ. ಇವತ್ತು ಅದು ಬಾಯಿಗೆ ಬರಲಿಲ್ಲ.

"ಇಲ್ಲ ಕಂದಾ. ಅದು ಇಷ್ಟೇ."

"ಹಾಗಾದ್ರೆ ಬಲಗಾಲು ಸರಿಹೋದ್ರೆ ನಡೆಯೋವಾಗ ಮತ್ತೆ ಒಂದು ಕಡೆ ಎಳೆಯುತ್ತೆ. ಬೇಡ ಬಿಡಿ ಅತ್ತೆ, ಹೀಗೇ ಇರ್ಲಿ."

ಬೂಟು ಹಾಕಿಕೊಂಡು ಅವಳು ಬಾಗಿಲ ಕಡೆ ನಡೆದಳು. ಆಫೀಸು ಮುಗಿಸಿ ಮನೆಗೆ ಹೊರಟ ಯಾವ ಹೆಂಗಸಿನದೂ ಆಗಬಹುದಾಗಿದ್ದ ನಡಿಗೆ. ಸಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರಗಿದ್ದ ತಮ್ಮ ಮುಖ ಒರೆಸಿಕೊಂಡು ಮಗಳು ಬರುವುದನ್ನು ನೋಡಿದ. ಆಮೇಲೆ ಬಾಗಿಲಲ್ಲಿ ತಲೆ ಹಾಕಿ ಮೆಲ್ಲಗೆ ಕೇಳಿದ.

"ಅಕ್ಕಾ, ಕುಂಟೋದು ಪೂರ್ತಿ ಹೋಗಿದೆ, ನೋಡಿದ್ಯಾ?"